ವರ್ಷಕ್ಕೆ 1,500 ಕೋಟಿ ಬಾಡಿಗೆ: ಕರ್ತವ್ಯ ಭವನದಿಂದ ಉಳಿಯುವುದೆಷ್ಟು?

2025ರ ಆಗಸ್ಟ್ 6ರಂದು ದೆಹಲಿಯಲ್ಲಿ ಕರ್ತವ್ಯ ಭವನ-3 ಉದ್ಘಾಟಿಸಿದ ಪ್ರಧಾನಿ ನರೇಂದ್ರ ಮೋದಿ ಒಂದು ಲೆಕ್ಕ ಕೊಟ್ಟಿದ್ದರು. ಕೇಂದ್ರದ ಸಚಿವಾಲಯಗಳು ದೆಹಲಿಯ 50 ಕಡೆ ಹಂಚಿಹೋಗಿವೆ, ಅವುಗಳಲ್ಲಿ ಹಲವು ಬಾಡಿಗೆ ಕಟ್ಟಡಗಳಲ್ಲಿವೆ, ಬಾಡಿಗೆಗೇ ವರ್ಷಕ್ಕೆ 1,500 ಕೋಟಿ ರೂಪಾಯಿ ಹೋಗುತ್ತಿದೆ ಎಂಬುದು ಆ ಲೆಕ್ಕ. ಒಂದು ಸಚಿವಾಲಯದಿಂದ ಇನ್ನೊಂದಕ್ಕೆ ದಿನವೂ 8ರಿಂದ 10 ಸಾವಿರ ನೌಕರರು ಓಡಾಡಬೇಕಾಗಿದೆ ಎಂದೂ ಅವರು ಹೇಳಿದ್ದರು.

ಡೆಸ್ಕ್‌ನಲ್ಲಿ ಕೂತು ಸುದ್ದಿ ತಿದ್ದುವ ನನ್ನಂಥವರಿಗೆ ಇಂಥ ಅಂಕಿ ಸಿಕ್ಕರೆ ಶೀರ್ಷಿಕೆಯ ಕೆಲಸ ಅರ್ಧ ಮುಗಿದಂತೆ. '1,500 ಕೋಟಿ ಉಳಿತಾಯ' ಎಂದು ಬರೆದುಬಿಡಬಹುದು. ಆದರೆ ಭಾಷಣದಲ್ಲಿ ಇದ್ದದ್ದು ಖರ್ಚಿನ ಅಂಕಿ. ಉಳಿತಾಯ ಆಗಬೇಕಾದರೆ ಯಾವುದೋ ಕಟ್ಟಡದ ಬಾಡಿಗೆ ಕರಾರು ಮುಗಿಯಬೇಕು, ಬೀಗದ ಕೈ ಮಾಲೀಕನ ಕೈಗೆ ಹೋಗಬೇಕು, ಮುಂದಿನ ತಿಂಗಳ ಚೆಕ್ ನಿಲ್ಲಬೇಕು. ಹಾಗೆ ನಿಂತ ಚೆಕ್‌ಗಳ ಪಟ್ಟಿ ಭಾಷಣದಲ್ಲಿ ಇರಲಿಲ್ಲ.

ಹಾಗಾಗಿ ಹೊಸ ಕಟ್ಟಡಕ್ಕೆ ಮೊದಲು ಹೋದವರು ಯಾರು ಎಂದು ನೋಡುವುದರಿಂದ ಶುರು ಮಾಡೋಣ.

ಮೊದಲು ಹೋದವರು ಬಾಡಿಗೆದಾರರಲ್ಲ

ಕರ್ತವ್ಯ ಭವನ-3 ಸುಮಾರು 1.5 ಲಕ್ಷ ಚದರ ಮೀಟರ್ ವಿಸ್ತಾರದ ಕಟ್ಟಡ. ಎರಡು ನೆಲಮಾಳಿಗೆ, ಅದರ ಮೇಲೆ ಏಳು ಅಂತಸ್ತು. ಗೃಹ, ವಿದೇಶಾಂಗ, ಗ್ರಾಮೀಣಾಭಿವೃದ್ಧಿ, ಎಂಎಸ್‌ಎಂಇ, ಪೆಟ್ರೋಲಿಯಂ ಸಚಿವಾಲಯಗಳು, ಸಿಬ್ಬಂದಿ ಮತ್ತು ತರಬೇತಿ ಇಲಾಖೆ, ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ಇವು ಅಲ್ಲಿಗೆ ಹೋಗುವ ಪಟ್ಟಿಯಲ್ಲಿದ್ದವು.

ಇವರೆಲ್ಲ ಅಲ್ಲಿಯವರೆಗೆ ಎಲ್ಲಿದ್ದರು? ಗೃಹ ಸಚಿವಾಲಯ ಮತ್ತು ಸಿಬ್ಬಂದಿ ಇಲಾಖೆ ನಾರ್ತ್ ಬ್ಲಾಕ್‌ನಲ್ಲಿ. ವಿದೇಶಾಂಗದವರು ಸೌತ್ ಬ್ಲಾಕ್ ಮತ್ತು ಜವಾಹರಲಾಲ್ ನೆಹರು ಭವನದಲ್ಲಿ. ಗ್ರಾಮೀಣಾಭಿವೃದ್ಧಿ ಕೃಷಿ ಭವನದಲ್ಲಿ, ಎಂಎಸ್‌ಎಂಇ ಉದ್ಯೋಗ ಭವನದಲ್ಲಿ, ಪೆಟ್ರೋಲಿಯಂ ಶಾಸ್ತ್ರಿ ಭವನದಲ್ಲಿ. ವೈಜ್ಞಾನಿಕ ಸಲಹೆಗಾರರು ವಿಜ್ಞಾನ ಭವನದ ಅನೆಕ್ಸ್‌ನಲ್ಲಿ. ಇವೆಲ್ಲ ಸರ್ಕಾರದ್ದೇ ಕಟ್ಟಡಗಳು. ಮೊದಲ ಟ್ರಿಪ್‌ನಲ್ಲಿ ಸಾಮಾನು ಕಟ್ಟಿದವರಲ್ಲಿ ಬಹುಪಾಲು ಮಂದಿ ಸ್ವಂತ ಮನೆಯಿಂದ ಸ್ವಂತ ಮನೆಗೆ ಹೋದವರು.

ಪೂರ್ತಿ ಹಾಗೆಂದು ಹೇಳಿದರೆ ಅನ್ಯಾಯವಾದೀತು. ಗೃಹ ಸಚಿವಾಲಯದ ಕೆಲವು ವಿಭಾಗಗಳು ಜೈ ಸಿಂಗ್ ರಸ್ತೆಯ ಎನ್‌ಡಿಸಿಸಿ-2 ಕಟ್ಟಡದಲ್ಲಿದ್ದವು. ಅದು ನವದೆಹಲಿ ನಗರಸಭೆಯ ಕಟ್ಟಡ. ಇಂಥ ಚದುರಿದ ವಿಭಾಗಗಳು ಒಳಗೆ ಬಂದಷ್ಟೂ ಬಾಡಿಗೆ ಇಳಿಯುತ್ತದೆ. ಆದರೆ 1,500 ಕೋಟಿಯ ದೊಡ್ಡ ಪಾಲು ಈ ಪಟ್ಟಿಯಲ್ಲಿಲ್ಲ.

ಮೊದಲು ಖಾಲಿಯಾದ ಜಾಗಗಳಿಗೆ ಬಾಡಿಗೆ ಕಟ್ಟಡದಲ್ಲಿದ್ದವರು ಹೋಗಬಹುದಲ್ಲ ಎಂದು ನೀವು ಕೇಳಬಹುದು. ಯೋಜನೆಯೇ ಬೇರೆ ಇದೆ. ನಾರ್ತ್ ಬ್ಲಾಕ್, ಸೌತ್ ಬ್ಲಾಕ್ ಎರಡೂ 'ಯುಗೇ ಯುಗೀನ್ ಭಾರತ್' ರಾಷ್ಟ್ರೀಯ ವಸ್ತುಸಂಗ್ರಹಾಲಯ ಆಗಬೇಕು. ಶಾಸ್ತ್ರಿ ಭವನ, ಕೃಷಿ ಭವನ, ಉದ್ಯೋಗ ಭವನ, ನಿರ್ಮಾಣ ಭವನಗಳನ್ನು ಕೆಡವಿ ಅದೇ ಜಾಗದಲ್ಲಿ ಸಾಮಾನ್ಯ ಕೇಂದ್ರ ಸಚಿವಾಲಯದ ಮುಂದಿನ ಕಟ್ಟಡಗಳನ್ನು ಕಟ್ಟಬೇಕು. ಒಟ್ಟು 10 ಕಟ್ಟಡಗಳ ಯೋಜನೆ ಇದು. ಅಂದರೆ ನಡುವಿನ ಕೆಲವು ವರ್ಷ ಸರ್ಕಾರದ ಸ್ವಂತ ಜಾಗ ಕಡಿಮೆಯಾಗುತ್ತದೆ. ಕೆಡವುವ ಕಟ್ಟಡದಲ್ಲಿ ಇನ್ನೂ ಉಳಿದಿರುವ ಕಚೇರಿಗಳಿಗೆ ತಾತ್ಕಾಲಿಕ ಜಾಗ ಬೇಕಾಗುತ್ತದೆ. ಆ ಅವಧಿಯಲ್ಲಿ ಬಾಡಿಗೆ ಬಿಲ್ ಇಳಿಯುವ ಬದಲು ಏರಿದರೂ ಆಶ್ಚರ್ಯವಿಲ್ಲ. ಮನೆ ಕಟ್ಟಿಸಿದವರಿಗೆ ಇದು ಗೊತ್ತು. ಹಳೇ ಮನೆ ಕೆಡವಿದ ಮೇಲೆ ಹೊಸದರ ಗೃಹಪ್ರವೇಶದ ತನಕ ಕಂತೂ ಕಟ್ಟಬೇಕು, ಬಾಡಿಗೆಯೂ ಕಟ್ಟಬೇಕು.

ಸಾವಿರವೋ, ಒಂದೂವರೆ ಸಾವಿರವೋ

ಸೆಂಟ್ರಲ್ ವಿಸ್ಟಾ ಯೋಜನೆ ವಿವಾದದಲ್ಲಿದ್ದ 2020-21ರ ಹೊತ್ತಿಗೆ ಸರ್ಕಾರ ಬಾಡಿಗೆಯ ಬಗ್ಗೆ ಹೇಳುತ್ತಿದ್ದ ಅಂಕಿ ವರ್ಷಕ್ಕೆ 1,000 ಕೋಟಿ. 2021ರ ಜನವರಿ 5ರಂದು ಸುಪ್ರೀಂ ಕೋರ್ಟ್ 2:1 ಬಹುಮತದಲ್ಲಿ ಯೋಜನೆಗೆ ದಾರಿ ಬಿಟ್ಟುಕೊಟ್ಟಿತು. ನ್ಯಾ. ಸಂಜೀವ್ ಖನ್ನಾ ಭಿನ್ನ ತೀರ್ಪು ಬರೆದಿದ್ದರು. ಬಾಡಿಗೆ ಉಳಿತಾಯ ಆಗಲೂ ಸರ್ಕಾರದ ಮುಖ್ಯ ವಾದಗಳಲ್ಲಿ ಒಂದಾಗಿತ್ತು.

ಸಾವಿರ ಕೋಟಿ ಐದು ವರ್ಷದಲ್ಲಿ ಒಂದೂವರೆ ಸಾವಿರ ಆಯಿತೇ? ಆಗಿರಬಹುದು. ದೆಹಲಿಯಲ್ಲಿ ಬಾಡಿಗೆ ಏರಿದೆ, ಹೊಸ ಪ್ರಾಧಿಕಾರ, ನ್ಯಾಯಮಂಡಳಿಗಳು ಹುಟ್ಟಿವೆ. ಅಥವಾ ಎರಡು ಅಂಕಿಗಳೂ ಬೇರೆ ಬೇರೆ ಸಂಗತಿಗಳನ್ನು ಎಣಿಸುತ್ತಿರಬಹುದು. ಒಂದು ಬರೀ ಸಚಿವಾಲಯಗಳದ್ದು, ಇನ್ನೊಂದು ಅವುಗಳ ಅಧೀನ ಕಚೇರಿಗಳನ್ನೂ ಸೇರಿಸಿದ್ದು ಇರಬಹುದು. ಕಟ್ಟಡವಾರು ಪಟ್ಟಿ ಜೊತೆಗಿದ್ದರೆ ಈ ಊಹೆಯ ಅಗತ್ಯವೇ ಇರುತ್ತಿರಲಿಲ್ಲ.

ಕಟ್ಟಲು ಆದ ಖರ್ಚನ್ನೂ ನೋಡಬೇಕು. ಸಾಮಾನ್ಯ ಸಚಿವಾಲಯದ ಮೊದಲ ಮೂರು ಕಟ್ಟಡಗಳಿಗೆ 2021ರಲ್ಲಿ ಕರೆದ ಟೆಂಡರ್‌ನಲ್ಲಿ ಎಲ್‌&ಟಿ ಸುಮಾರು 3,142 ಕೋಟಿ ರೂಪಾಯಿಗೆ ಅತಿ ಕಡಿಮೆ ಬಿಡ್ ಸಲ್ಲಿಸಿತ್ತು. ಸರ್ಕಾರ ಸಾಲ ತಂದು ಖರ್ಚು ಮಾಡುತ್ತದೆ. ಶೇ 7ರ ಬಡ್ಡಿ ಎಂದು ಹಿಡಿದರೆ ಈ ಮೊತ್ತದ ಮೇಲೆ ವರ್ಷಕ್ಕೆ ಸುಮಾರು 220 ಕೋಟಿ ಬಡ್ಡಿಯೇ ಆಗುತ್ತದೆ. ಬಾಡಿಗೆ ನಿಜವಾಗಿ ನಿಂತರೆ ಇದು ಒಳ್ಳೆಯ ವ್ಯವಹಾರ, ಅನುಮಾನವಿಲ್ಲ. ನಿಲ್ಲದಿದ್ದರೆ ಬಾಡಿಗೆಯ ಮೇಲೆ ಬಡ್ಡಿಯೂ ಸೇರುತ್ತದೆ.

ಕೊಡಬೇಕಾದ ಕ್ರೆಡಿಟ್ ಕೊಡೋಣ. 2021ರ ಸೆಪ್ಟೆಂಬರ್ 16ರಂದು ಉದ್ಘಾಟನೆಯಾದ ರಕ್ಷಣಾ ಇಲಾಖೆಯ ಎರಡು ಸಂಕೀರ್ಣಗಳು (ಕಸ್ತೂರ್ಬಾ ಗಾಂಧಿ ಮಾರ್ಗ ಮತ್ತು ಆಫ್ರಿಕಾ ಅವೆನ್ಯೂ) ಈ ಯೋಜನೆಯಲ್ಲಿ ಚೆನ್ನಾಗಿ ನಡೆದ ಭಾಗ. ಸೌತ್ ಬ್ಲಾಕ್ ಸುತ್ತ ಎರಡನೇ ಮಹಾಯುದ್ಧದ ಕಾಲದ ಹಟ್‌ಮೆಂಟ್‌ಗಳಲ್ಲಿ, ಕುದುರೆ ಲಾಯ ಇದ್ದ ಜಾಗಗಳಲ್ಲಿ ಕೆಲಸ ಮಾಡುತ್ತಿದ್ದ ಸುಮಾರು 7,000 ಮಂದಿ ಅಲ್ಲಿಗೆ ಹೋದರು. 62 ಎಕರೆಯಲ್ಲಿ ಹರಡಿದ್ದ ಕಚೇರಿಗಳು 13 ಎಕರೆಗೆ ಬಂದವು. ಅಲ್ಲಿ ಎಲ್ಲರೂ ಒಂದೇ ಸಚಿವಾಲಯದವರು. ಜಾಗ ಹಂಚಿಕೊಳ್ಳಲು ಯಾರೂ ಯಾರ ಅನುಮತಿಯನ್ನೂ ಕೇಳಬೇಕಾಗಿರಲಿಲ್ಲ. ಬೇರೆ ಬೇರೆ ಇಲಾಖೆಗಳಿಗೆ ಬಂದಾಗ ಕಥೆ ಬದಲಾಗುತ್ತದೆ.

ಬಾಡಿಗೆ ಹುಟ್ಟುವ ಬಗೆ

ಕೇಂದ್ರ ಸರ್ಕಾರದ ಕಚೇರಿ ಜಾಗಗಳಿಗೆ ಒಂದು 'ಜನರಲ್ ಪೂಲ್' ಇದೆ. ವಸತಿ ಮತ್ತು ನಗರ ವ್ಯವಹಾರ ಸಚಿವಾಲಯದ ಅಡಿ ಬರುವ ಎಸ್ಟೇಟ್ಸ್ ನಿರ್ದೇಶನಾಲಯ ಅದನ್ನು ಹಂಚುತ್ತದೆ. ಕಟ್ಟುವುದು, ರಿಪೇರಿ ಮಾಡುವುದು ಸಿಪಿಡಬ್ಲ್ಯುಡಿ. ಒಂದು ಇಲಾಖೆಗೆ ಜಾಗ ಬೇಕಾದರೆ ಮೊದಲು ಈ ನಿರ್ದೇಶನಾಲಯವನ್ನು ಕೇಳಬೇಕು. ಪೂಲ್‌ನಲ್ಲಿ ಜಾಗ ಇಲ್ಲದಿದ್ದರೆ 'ಜಾಗ ಲಭ್ಯವಿಲ್ಲ' ಎಂಬ ಪ್ರಮಾಣಪತ್ರ ಸಿಗುತ್ತದೆ. ಅದನ್ನು ಹಿಡಿದು ಇಲಾಖೆ ಹೊರಗಡೆ ಕಟ್ಟಡ ಹುಡುಕುತ್ತದೆ. ಮಾಲೀಕ ಕೇಳುವ ಬಾಡಿಗೆ ನ್ಯಾಯವಾಗಿದೆಯೇ ಎಂದು ಸಿಪಿಡಬ್ಲ್ಯುಡಿ ನೋಡುತ್ತದೆ. ಆಮೇಲೆ ಕರಾರು. ಹಣ ಹೋಗುವುದು ಆಯಾ ಇಲಾಖೆಯ ಬಜೆಟ್‌ನ ಬಾಡಿಗೆ ಶೀರ್ಷಿಕೆಯಿಂದ.

ಇಲ್ಲಿ ಎರಡು ತೊಡಕಿವೆ. ಮೊದಲನೆಯದು, ಪೂಲ್ ಕಟ್ಟಡದಲ್ಲಿ ಕೂತ ಸಚಿವಾಲಯ ಸಾಮಾನ್ಯವಾಗಿ ತನ್ನ ಬಜೆಟ್‌ನಿಂದ ಬಾಡಿಗೆ ಕಟ್ಟಬೇಕಿಲ್ಲ. ಅದಕ್ಕೆ ಸಿಕ್ಕ ಕೋಣೆಗಳು ಪುಕ್ಕಟೆ. ಪುಕ್ಕಟೆ ಸಿಕ್ಕ ಕೋಣೆಯನ್ನು ಯಾರು ಬಿಟ್ಟುಕೊಡುತ್ತಾರೆ? ಹಳೇ ಕಡತ, ಮುರಿದ ಕುರ್ಚಿ, ಉಪಯೋಗವಿಲ್ಲದ ಜೆರಾಕ್ಸ್ ಯಂತ್ರ ತುಂಬಿದ ಕೋಣೆಗಳನ್ನು ಸರ್ಕಾರಿ ಕಚೇರಿಗೆ ಹೋದ ಯಾರೂ ನೋಡಿರುತ್ತಾರೆ. ಅದೇ ಹೊತ್ತಿಗೆ ಇನ್ನೊಂದು ಇಲಾಖೆ ಕನ್ನಾಟ್ ಪ್ಲೇಸ್‌ನಲ್ಲಿ ಚದರಡಿ ಲೆಕ್ಕದಲ್ಲಿ ಬಾಡಿಗೆ ಕಟ್ಟುತ್ತಿರುತ್ತದೆ. ಈ ಕೋಣೆಗೂ ಆ ಬಾಡಿಗೆಗೂ ಸಂಬಂಧ ಕಲ್ಪಿಸುವ ಬಲ ಯಾರಿಗೂ ಇಲ್ಲ.

ಎರಡನೆಯದು, ಪ್ರತಿ ಇಲಾಖೆಯೂ ತನ್ನ ಹೆಸರಲ್ಲೇ ಕರಾರು ಮಾಡಿಕೊಳ್ಳುವುದರಿಂದ ಹಂಚಿಕೊಳ್ಳುವುದಕ್ಕೆ ಯಾರಿಗೂ ಲಾಭವಿಲ್ಲ. ಒಂದು ಇಲಾಖೆ ಬಾಡಿಗೆಗೆ ಹಿಡಿದ ಮೂರು ಮಹಡಿಯಲ್ಲಿ ಅರ್ಧ ಮಹಡಿ ಖಾಲಿ ಇದ್ದರೆ ಇನ್ನೊಂದು ಇಲಾಖೆಯನ್ನು ಒಳಗೆ ಬಿಟ್ಟುಕೊಳ್ಳಬಹುದು. ಆಗ ವಿದ್ಯುತ್ ಬಿಲ್ ಯಾರದು, ಭದ್ರತೆ ಯಾರದು, ಲಿಫ್ಟ್ ಕೆಟ್ಟರೆ ಯಾರು, ಆಡಿಟ್‌ನಲ್ಲಿ ಆಕ್ಷೇಪ ಬಂದರೆ ಉತ್ತರ ಕೊಡುವವರು ಯಾರು? ಸಹಿ ಹಾಕುವ ಅಧಿಕಾರಿಗೆ ಅರ್ಧ ಮಹಡಿ ಖಾಲಿ ಬಿಡುವುದೇ ನೆಮ್ಮದಿ.

ಹಾಗಾಗಿ ಬಾಡಿಗೆ ಸಮಸ್ಯೆಯನ್ನು ಬರೀ ಕಟ್ಟಡದ ಕೊರತೆ ಎಂದು ನೋಡುವುದು ಅರ್ಧ ಸತ್ಯ. ಹೊಸ ಕಟ್ಟಡದಲ್ಲೂ ಕೋಣೆ ಪುಕ್ಕಟೆಯಾಗಿಯೇ ಸಿಗುವುದಾದರೆ ಹತ್ತು ವರ್ಷ ಬಿಟ್ಟು ಅದೇ ಪ್ರಮಾಣಪತ್ರ, ಅದೇ ಕನ್ನಾಟ್ ಪ್ಲೇಸ್.

ಒಂದು ಜೇಬಿನಿಂದ ಇನ್ನೊಂದು ಜೇಬಿಗೆ

ಸರ್ಕಾರ ಕಟ್ಟುವ ಬಾಡಿಗೆಯೆಲ್ಲ ಖಾಸಗಿ ಮಾಲೀಕರಿಗೇ ಹೋಗುವುದಿಲ್ಲ. 2019ರಲ್ಲಿ ಲೋಕಪಾಲ ಸಂಸ್ಥೆ ಶುರುವಾದಾಗ ಅದಕ್ಕೆ ಕಚೇರಿ ಇರಲಿಲ್ಲ. ಚಾಣಕ್ಯಪುರಿಯ ಅಶೋಕ ಹೋಟೆಲ್‌ನಲ್ಲಿ ಕೋಣೆಗಳನ್ನು ಕೊಟ್ಟರು. ತಿಂಗಳಿಗೆ ಸುಮಾರು 50 ಲಕ್ಷ ರೂಪಾಯಿ ಬಾಡಿಗೆ. ಆ ವರ್ಷದ ಅಕ್ಟೋಬರ್ ಅಂತ್ಯದವರೆಗೆ 3.85 ಕೋಟಿ ಪಾವತಿಯಾಗಿದೆ ಎಂದು ಆರ್‌ಟಿಐ ಉತ್ತರದಿಂದ ಗೊತ್ತಾಯಿತು. ಭ್ರಷ್ಟಾಚಾರ ತನಿಖೆಯ ಸಂಸ್ಥೆ ಪಂಚತಾರಾ ಹೋಟೆಲ್‌ನಲ್ಲಿ ಎಂದು ಆಗ ಜೋಕುಗಳು ಹರಿದಾಡಿದವು. ಜೋಕಿನಲ್ಲಿ ಬಿಟ್ಟುಹೋದ ಅಂಶವೆಂದರೆ ಹೋಟೆಲ್ ಐಟಿಡಿಸಿಯದ್ದು, ಅಂದರೆ ಸರ್ಕಾರದ್ದೇ ಉದ್ಯಮ. ಲೋಕಪಾಲ ಆಮೇಲೆ ವಸಂತ್ ಕುಂಜ್‌ಗೆ ಹೋಯಿತು.

ಅಶೋಕದ ಪಕ್ಕದಲ್ಲೇ ಇರುವ ಹೋಟೆಲ್ ಸಮ್ರಾಟ್‌ನ ವಿಳಾಸದಲ್ಲಿ ಟೆಲಿಕಾಂ ವ್ಯಾಜ್ಯಗಳ ನ್ಯಾಯಮಂಡಳಿ ಟಿಡಿಸ್ಯಾಟ್ ವರ್ಷಗಳಿಂದ ಇದೆ. ಟ್ರಾಯ್ ಬಹುಕಾಲ ಎಂಟಿಎನ್‌ಎಲ್‌ನ ಮಹಾನಗರ ದೂರಸಂಚಾರ ಭವನದಲ್ಲಿತ್ತು. ಅಂದರೆ ನಿಯಂತ್ರಕ ಸಂಸ್ಥೆ ತಾನು ನಿಯಂತ್ರಿಸಬೇಕಾದ ಕಂಪನಿಯ ಕಟ್ಟಡದಲ್ಲಿ. ಆಮೇಲೆ ಅದು ನೌರೋಜಿ ನಗರದ ವರ್ಲ್ಡ್ ಟ್ರೇಡ್ ಸೆಂಟರ್‌ಗೆ ಹೋಯಿತು.

ಇಂಥ ಬಾಡಿಗೆ ನಿಂತರೆ ಒಂದು ಸಚಿವಾಲಯದ ಖರ್ಚು ಇಳಿಯುತ್ತದೆ, ಇನ್ನೊಂದು ಸಾರ್ವಜನಿಕ ಸಂಸ್ಥೆಯ ಆದಾಯವೂ ಅಷ್ಟೇ ಇಳಿಯುತ್ತದೆ. ಬೊಕ್ಕಸದ ದೃಷ್ಟಿಯಿಂದ ಎರಡೂ ಸಮ. 1,500 ಕೋಟಿಯಲ್ಲಿ ಈ ಜೇಬಿನಿಂದ ಆ ಜೇಬಿಗೆ ಹೋಗುವ ಪಾಲೆಷ್ಟು, ಖಾಸಗಿಯವರಿಗೆ ಹೋಗುವ ಪಾಲೆಷ್ಟು ಎಂದು ಬೇರ್ಪಡಿಸದೆ ನಿಜವಾದ ಉಳಿತಾಯ ಹೇಳಲಾಗದು.

ನಿಮ್ಮ ಊರಿನಲ್ಲಿ ಹೇಗಿದೆ?

ದೆಹಲಿಯಾಚೆಗಿನ ಓದುಗರಿಗೆ ಇದು ರಾಜಧಾನಿಯ ರಗಳೆ ಅನ್ನಿಸಬಹುದು. ಒಂದೇ ಸಚಿವಾಲಯದ, ಅಂದರೆ ಕಂಪನಿ ವ್ಯವಹಾರಗಳ ಸಚಿವಾಲಯದ ಎರಡು ಬಾಗಿಲುಗಳನ್ನು ಐದು ಊರಲ್ಲಿ ಹುಡುಕಿ ನೋಡಿ. ಕಂಪನಿ ನೋಂದಣಿ ಮಾಡುವ ಆರ್‌ಒಸಿ ಒಂದು, ಕಂಪನಿ ವ್ಯಾಜ್ಯ ಮತ್ತು ದಿವಾಳಿ ಪ್ರಕರಣ ಕೇಳುವ ಎನ್‌ಸಿಎಲ್‌ಟಿ ಇನ್ನೊಂದು. ನಾನು ಹೇಳುತ್ತಿರುವುದು ಇವು ವರ್ಷಗಳಿಂದ ಬಳಸಿಕೊಂಡು ಬಂದ ವಿಳಾಸಗಳು.

ಬೆಂಗಳೂರಿನಲ್ಲಿ ಆರ್‌ಒಸಿ ಕೋರಮಂಗಲದ ಕೇಂದ್ರೀಯ ಸದನದಲ್ಲಿ, ಎನ್‌ಸಿಎಲ್‌ಟಿ ಎಂ.ಜಿ. ರಸ್ತೆಯ ರಹೇಜಾ ಟವರ್ಸ್‌ನಲ್ಲಿ. ಮುಂಬೈಯಲ್ಲಿ ಆರ್‌ಒಸಿ ಮರೀನ್ ಡ್ರೈವ್‌ನ ಎವರೆಸ್ಟ್ ಕಟ್ಟಡದಲ್ಲಿ, ಎನ್‌ಸಿಎಲ್‌ಟಿ ಕಫ್ ಪರೇಡ್‌ನ ಎಂಟಿಎನ್‌ಎಲ್ ಕಟ್ಟಡದಲ್ಲಿ. ಚೆನ್ನೈಯಲ್ಲಿ ಒಂದು ಹ್ಯಾಡೋಸ್ ರಸ್ತೆಯ ಶಾಸ್ತ್ರಿ ಭವನ, ಇನ್ನೊಂದು ರಾಜಾಜಿ ಸಾಲೈ. ದೆಹಲಿಯಲ್ಲಿ ನೆಹರು ಪ್ಲೇಸ್‌ನ ಐಎಫ್‌ಸಿಐ ಟವರ್ ಮತ್ತು ಲೋಧಿ ರಸ್ತೆಯ ಸಿಜಿಒ ಕಾಂಪ್ಲೆಕ್ಸ್. ಹೈದರಾಬಾದ್ ಮಾತ್ರ ಬೇರೆ. ಅಲ್ಲಿ ಎರಡೂ ಬಂಡ್ಲಗೂಡದ ಕಾರ್ಪೊರೇಟ್ ಭವನದಲ್ಲಿವೆ, ಒಂದೇ ಸೂರು. ಆದರೆ ಆ ಸೂರು ಇರುವುದು ನಾಗೋಲ್ ಆಚೆ, ನಗರದ ಪೂರ್ವದ ಅಂಚಿನಲ್ಲಿ.

ಈ ಐದು ಊರಿನಲ್ಲಿ ಯಾವುದು ಸರಿ? ಬಾಡಿಗೆ ಲೆಕ್ಕದಲ್ಲಿ ಹೈದರಾಬಾದ್. ವಕೀಲರ, ಲೆಕ್ಕಪರಿಶೋಧಕರ, ಸಣ್ಣ ಕಂಪನಿ ಮಾಲೀಕರ ಆಟೊ ಬಾಡಿಗೆ ಲೆಕ್ಕದಲ್ಲಿ? ಅದನ್ನು ಯಾವ ಸಚಿವಾಲಯವೂ ತನ್ನ ಬಜೆಟ್‌ನಲ್ಲಿ ತೋರಿಸುವುದಿಲ್ಲ. ಪ್ರಧಾನಿ ಹೇಳಿದ 8-10 ಸಾವಿರ ನೌಕರರ ಓಡಾಟ ಎಣಿಕೆಗೆ ಸಿಕ್ಕಿತು. ಆ ಕಚೇರಿಗಳಿಗೆ ಬರುವ ಜನರ ಓಡಾಟ ಎಣಿಕೆಯಲ್ಲೇ ಇಲ್ಲ. ನಾನೇ ದೆಹಲಿಗೆ ಬಂದ ಹೊಸತರಲ್ಲಿ ಒಂದು ಪ್ರಮಾಣಪತ್ರಕ್ಕಾಗಿ ಲೆಟರ್‌ಹೆಡ್ ಮೇಲಿದ್ದ ವಿಳಾಸ ಹಿಡಿದು ಹೋಗಿದ್ದೆ. ಲೀಸ್ ಮುಗಿದು ಕಚೇರಿ ಬೇರೆ ಕಡೆ ಹೋಗಿ ಆರು ತಿಂಗಳಾಗಿತ್ತು. ಹೊಸ ವಿಳಾಸ ಗೊತ್ತಿದ್ದದ್ದು ಗೇಟ್ ಪಕ್ಕದ ಚಹಾ ಅಂಗಡಿಯವನಿಗೆ. ದಿನಕ್ಕೆ ಹತ್ತು ಜನ ಕೇಳುತ್ತಾರಂತೆ.

ಮುಂಬೈ ಆರಿಸಿಕೊಂಡ ದಾರಿ

ಮಹಾರಾಷ್ಟ್ರ ಸರ್ಕಾರದ ಅನುಭವ ಇಲ್ಲಿ ಉಪಯೋಗಕ್ಕೆ ಬರುತ್ತದೆ. 2012ರ ಜೂನ್ 21ರಂದು ಮಂತ್ರಾಲಯಕ್ಕೆ ಬೆಂಕಿ ಬಿದ್ದ ಮೇಲೆ ಹಲವು ಇಲಾಖೆಗಳು ದಕ್ಷಿಣ ಮುಂಬೈಯ ಬೇರೆ ಬೇರೆ ಕಟ್ಟಡಗಳಿಗೆ ಚದುರಿದವು. ಕೆಲವು ಕಾಯಂ ಆಗಿ ಹೊರಗೇ ಉಳಿದವು. ರಾಜ್ಯ ಸರ್ಕಾರ ಬಾಡಿಗೆಗೆ ವರ್ಷಕ್ಕೆ ಸುಮಾರು 200 ಕೋಟಿ ಖರ್ಚು ಮಾಡುತ್ತಿದೆ ಎಂಬ ಲೆಕ್ಕ ಮುಂದೆ ಬಂತು. ನಾರಿಮನ್ ಪಾಯಿಂಟ್‌ನಲ್ಲಿ, ಮಂತ್ರಾಲಯದಿಂದ ನಡೆದುಹೋಗುವಷ್ಟು ದೂರದಲ್ಲಿ, ಏರ್ ಇಂಡಿಯಾದ 23 ಅಂತಸ್ತಿನ ಕಟ್ಟಡ ಮಾರಾಟಕ್ಕಿತ್ತು. 2024ರ ಮಾರ್ಚ್‌ನಲ್ಲಿ 1,601 ಕೋಟಿಗೆ ಅದನ್ನು ರಾಜ್ಯಕ್ಕೆ ಕೊಡಲು ಕೇಂದ್ರ ಒಪ್ಪಿತು. ಬರಬೇಕಿದ್ದ 298.42 ಕೋಟಿ ಬಾಕಿಯನ್ನು ರಾಜ್ಯ ಮನ್ನಾ ಮಾಡಿತು. ಕಟ್ಟಡವನ್ನು ಶೇ 100ರಷ್ಟು ಖಾಲಿ ಮಾಡಿಕೊಡಬೇಕು ಎಂಬ ಷರತ್ತನ್ನೂ ಹಾಕಿತ್ತು.

ಆ ಷರತ್ತು ಮುಖ್ಯ. ಒಳಗೆ ಇನ್ಯಾರೋ ಕೂತಿರುವ ಕಟ್ಟಡ ಕೊಂಡರೆ ಸ್ವಂತ ಕಟ್ಟಡದಲ್ಲೂ ಜಾಗ ಸಿಗದೆ ಹೊರಗಿನ ಬಾಡಿಗೆ ಮುಂದುವರಿಯುತ್ತದೆ. ಲೆಕ್ಕ ಹೀಗಿದೆ: ಶೇ 7ರಂತೆ 1,601 ಕೋಟಿಗೆ ವರ್ಷದ ಬಡ್ಡಿ ಸುಮಾರು 112 ಕೋಟಿ. ಬಾಡಿಗೆ ಪೂರ್ತಿ ನಿಂತರೆ 200 ಕೋಟಿ ಉಳಿತಾಯ, ನಿವ್ವಳ ಲಾಭ 88 ಕೋಟಿ. ಬಾಡಿಗೆ ಅರ್ಧ ಮಾತ್ರ ನಿಂತರೆ 12 ಕೋಟಿ ನಷ್ಟ. ಕಟ್ಟಡ ಅದೇ, ಬೆಲೆ ಅದೇ. ಎಷ್ಟು ಕರಾರು ಮುಗಿಸುತ್ತೀರಿ ಎಂಬುದರ ಮೇಲೆ ಲಾಭ-ನಷ್ಟ ನಿಂತಿದೆ.

ಅಮೆರಿಕದಲ್ಲಿ ಅವಸರ

ಬೇರೆ ದೇಶಗಳು ಇದಕ್ಕೆ ಒಬ್ಬನೇ ಮಾಲೀಕ ಎಂಬ ಪರಿಹಾರ ಕಂಡುಕೊಂಡಿವೆ. ಬ್ರಿಟನ್‌ನಲ್ಲಿ 2018ರಲ್ಲಿ ಸರ್ಕಾರಿ ಆಸ್ತಿ ಏಜೆನ್ಸಿ ಹುಟ್ಟಿತು. ಲಂಡನ್‌ನ ಕ್ಯಾನರಿ ವಾರ್ಫ್‌ನಲ್ಲಿ ಸರ್ಕಾರ ಹಿಡಿದ ಒಂದು ಗೋಪುರದಲ್ಲಿ ಔಷಧ ನಿಯಂತ್ರಣ ಸಂಸ್ಥೆಯೂ ಸೇರಿ ಹಲವು ಸಂಸ್ಥೆಗಳು ಒಟ್ಟಿಗೆ ಕೂತಿವೆ. ಅಮೆರಿಕದಲ್ಲಿ 1949ರಿಂದಲೇ ಜಿಎಸ್‌ಎ ಎಂಬ ಸಂಸ್ಥೆ ಇದೆ. ಸರ್ಕಾರಿ ಕಟ್ಟಡಗಳನ್ನು ನೋಡಿಕೊಳ್ಳುವುದು, ಖಾಸಗಿ ಕಟ್ಟಡಗಳನ್ನು ಲೀಸ್‌ಗೆ ಹಿಡಿದು ಇಲಾಖೆಗಳಿಗೆ ಕೊಡುವುದು ಅದರ ಕೆಲಸ. ನಮ್ಮ ಪೂಲ್‌ಗೂ ಅದಕ್ಕೂ ಇರುವ ವ್ಯತ್ಯಾಸವೆಂದರೆ ಅಲ್ಲಿ ಸರ್ಕಾರಿ ಕಟ್ಟಡದಲ್ಲಿ ಕೂತ ಇಲಾಖೆಯೂ ಜಿಎಸ್‌ಎಗೆ ಬಾಡಿಗೆ ಕಟ್ಟಬೇಕು. ಕೋಣೆ ಬಿಟ್ಟುಕೊಟ್ಟರೆ ಹಣ ಉಳಿಯುತ್ತದೆ.

ಅಷ್ಟಾದರೂ ಅಲ್ಲಿ ಎಲ್ಲ ಸರಿಯಿಲ್ಲ. ಕೊರೊನಾ ನಂತರ 2023ರಲ್ಲಿ ಅಲ್ಲಿನ ಮಹಾಲೆಕ್ಕಪರಿಶೋಧನಾ ಕಚೇರಿ ನೋಡಿದಾಗ 24 ದೊಡ್ಡ ಸಂಸ್ಥೆಗಳ ಪೈಕಿ 17 ತಮ್ಮ ಕೇಂದ್ರ ಕಚೇರಿಯ ಸಾಮರ್ಥ್ಯದಲ್ಲಿ ಸರಾಸರಿ ಶೇ 25 ಅಥವಾ ಅದಕ್ಕಿಂತ ಕಡಿಮೆ ಮಾತ್ರ ಬಳಸುತ್ತಿದ್ದವು. 2025ರ ಆರಂಭದಲ್ಲಿ ಡೋಜ್ ಬಂದು ನೂರಾರು ಲೀಸ್‌ಗಳನ್ನು ರದ್ದು ಪಟ್ಟಿಗೆ ಹಾಕಿತು. ಒಳಗೆ ಏನು ಕೆಲಸ ನಡೆಯುತ್ತದೆ ಎಂದು ಕೇಳದೆ ಹಾಕಿದ ಪಟ್ಟಿ ಅದು ಎಂಬುದು ಬೇಗನೆ ಗೊತ್ತಾಯಿತು. ಒಕ್ಲಹೋಮಾದ ನಾರ್ಮನ್‌ನಲ್ಲಿರುವ ಹವಾಮಾನ ಕೇಂದ್ರ, ಅದೇ ರಾಜ್ಯದ ಲಾಟನ್‌ನ ಸಾಮಾಜಿಕ ಭದ್ರತಾ ಕಚೇರಿ ಇವುಗಳನ್ನು ಉಳಿಸಿಕೊಂಡೆ ಎಂದು ಅಲ್ಲಿನ ರಿಪಬ್ಲಿಕನ್ ಸಂಸದ ಟಾಮ್ ಕೋಲ್ ಹೇಳಿಕೆ ಕೊಡಬೇಕಾಯಿತು. ಆಡಳಿತ ಪಕ್ಷದವರೇ. ಅದೇ ವರ್ಷ ಜೂನ್‌ನಲ್ಲಿ ವಸತಿ ಇಲಾಖೆ ವರ್ಜೀನಿಯಾದ ಅಲೆಕ್ಸಾಂಡ್ರಿಯಾಗೆ, ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಇದ್ದ ಕಟ್ಟಡಕ್ಕೆ ಹೋಗುತ್ತದೆ ಎಂದು ಘೋಷಿಸಲಾಯಿತು. ವಿಜ್ಞಾನದವರು ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಅಂದು ಉತ್ತರ ಇರಲಿಲ್ಲ.

ಗೇಟ್ ಯಾರದು?

ಒಂದೇ ಸೂರಿನಡಿ ಬಂದ ಮೇಲೂ ಪ್ರಶ್ನೆಗಳು ಉಳಿಯುತ್ತವೆ. ಕರ್ತವ್ಯ ಭವನ-3ರಲ್ಲಿ ಕೋಣೆಗಳ ಬದಲು ತೆರೆದ ಹಾಲ್‌ನಲ್ಲಿ ಆಸನ ವ್ಯವಸ್ಥೆ ಬಂದಾಗ ಕೇಂದ್ರ ಸಚಿವಾಲಯ ಸೇವೆಯ ಅಧಿಕಾರಿಗಳ ವೇದಿಕೆ ಪ್ರಧಾನಿ ಕಚೇರಿಗೆ ಪತ್ರ ಬರೆದು ಆಕ್ಷೇಪಿಸಿತು. ಅಧೀನ ಕಾರ್ಯದರ್ಶಿ ಮಟ್ಟದವರಿಗೆ ಪ್ರತ್ಯೇಕ ಕೋಣೆ ಇಲ್ಲ, ಗೋಪ್ಯ ಕಡತ ನೋಡುವವರು ಎಲ್ಲರ ನಡುವೆ ಕೂತು ಹೇಗೆ ಕೆಲಸ ಮಾಡಬೇಕು ಎಂಬುದು ಅವರ ದೂರು. ಅದರಲ್ಲಿ ಅರ್ಧ ಸ್ಥಾನಮಾನದ ಚಿಂತೆ ಇರಬಹುದು. ಉಳಿದರ್ಧ ನಿಜವಾದ ತೊಂದರೆ.

ನನಗೆ ಹೆಚ್ಚು ಕಾಡುವುದು ಹೊರಗಿನವರ ಪ್ರಶ್ನೆ. ಗೃಹ ಸಚಿವಾಲಯಕ್ಕೂ ಎಂಎಸ್‌ಎಂಇಗೂ ಒಂದೇ ಕಟ್ಟಡ. ಒಬ್ಬರ ಕೆಲಸ ಬಾಗಿಲು ಮುಚ್ಚಿ ಮಾಡುವಂಥದ್ದು, ಇನ್ನೊಬ್ಬರದ್ದು ತೆರೆದು ಮಾಡಬೇಕಾದದ್ದು. ಹುಬ್ಬಳ್ಳಿಯಿಂದ ಬಂದ ಸಣ್ಣ ಕೈಗಾರಿಕೆಯ ಮಾಲೀಕರೊಬ್ಬರು ಸಬ್ಸಿಡಿ ಕಡತ ಎಲ್ಲಿ ನಿಂತಿದೆ ಎಂದು ಕೇಳಲು ಬಂದರೆ ದೇಶದ ಆಂತರಿಕ ಭದ್ರತೆ ನೋಡುವ ಕಟ್ಟಡದ ಐಡಿ-ಕಾರ್ಡ್ ಗೇಟ್ ದಾಟಬೇಕು. ಹಂಚಿಕೊಂಡ ಕಟ್ಟಡದಲ್ಲಿ ಭದ್ರತೆಯ ಮಟ್ಟ ಅತಿ ಕಟ್ಟುನಿಟ್ಟಿನವರ ಮಟ್ಟಕ್ಕೇ ಏರುತ್ತದೆ. ಯಾರನ್ನು ಯಾರ ಜೊತೆ ಕೂರಿಸಬೇಕು ಎಂಬುದೂ ಚದರಡಿಯಷ್ಟೇ ಮುಖ್ಯ.

ಕರ್ನಾಟಕಕ್ಕೆ ಈ ವಿಚಾರ ಹೊಸದಲ್ಲ. ಬೆಂಗಳೂರಿನ ಹೈಕೋರ್ಟ್ ಕಟ್ಟಡಕ್ಕೆ ಅಠಾರಾ ಕಚೇರಿ ಎಂಬ ಹೆಸರು ಬಂದದ್ದೇ 18 ಇಲಾಖೆಗಳು ಅಲ್ಲಿ ಒಟ್ಟಿಗೆ ಕೂತಿದ್ದಕ್ಕೆ. 1868ರವರೆಗೆ ಆ ಸರ್ಕಾರಿ ಕಚೇರಿಗಳು ಕೋಟೆಯ ಟಿಪ್ಪು ಅರಮನೆಯಲ್ಲಿದ್ದವು. ತಾಲ್ಲೂಕುಗಳಲ್ಲಿ ಕಟ್ಟಿದ ಮಿನಿ ವಿಧಾನಸೌಧಗಳದ್ದೂ ಅದೇ ಯೋಚನೆ. ಆದರೆ ಅಲ್ಲಿ ಲೆಕ್ಕ ಹಾಕಿದ್ದು ಬಾಡಿಗೆಯನ್ನಲ್ಲ. ಪಹಣಿಗೆ ಒಂದು ಕಡೆ, ನೋಂದಣಿಗೆ ಒಂದು ಕಡೆ, ಖಜಾನೆಗೆ ಮತ್ತೊಂದು ಕಡೆ ರೈತ ಅಲೆಯಬಾರದು ಎಂಬುದು ಉದ್ದೇಶ. 2017-18ರ ಬಜೆಟ್‌ನಲ್ಲಿ 49 ಹೊಸ ತಾಲ್ಲೂಕು ಘೋಷಣೆಯಾದಾಗ ಎದುರಾದ ಮೊದಲ ಪ್ರಶ್ನೆಯೂ ಕಚೇರಿಗೆ ಜಾಗ ಎಲ್ಲಿ ಎಂಬುದೇ.

ಉಲ್ಟಾ ಉದಾಹರಣೆಯೂ ನಮ್ಮಲ್ಲೇ ಇದೆ. ಬೆಳಗಾವಿಯ ಸುವರ್ಣ ವಿಧಾನಸೌಧವನ್ನು 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಉದ್ಘಾಟಿಸಿದರು. ಚಳಿಗಾಲದ ಅಧಿವೇಶನದ ಕೆಲವು ದಿನ ಬಿಟ್ಟರೆ ಆ ಕಟ್ಟಡ ಪೂರ್ಣ ಬಳಕೆಗೆ ಬಂದಿಲ್ಲ. ರಾಜ್ಯಮಟ್ಟದ ಕಚೇರಿಗಳನ್ನು ಅಲ್ಲಿಗೆ ತನ್ನಿ ಎಂದು ಉತ್ತರ ಕರ್ನಾಟಕದವರು ಕೇಳುತ್ತಲೇ ಇದ್ದಾರೆ. ಸ್ವಂತ ಕಟ್ಟಡ ಇದೆ, ಬಾಡಿಗೆ ಇಲ್ಲ, ಜಾಗ ಬೇಕಾದಷ್ಟು. ಇಲಾಖೆಗಳು ಬೆಂಗಳೂರು ಬಿಟ್ಟು ಹೋಗುವುದಿಲ್ಲ, ಅಷ್ಟೇ.

ದೆಹಲಿಗೆ ಮರಳಿದರೆ, ಮುಂದೆ ನೋಡಬೇಕಾದ್ದು ಉದ್ಘಾಟನೆಯ ಫಲಕಗಳನ್ನಲ್ಲ. ಪ್ರತಿ ಬಜೆಟ್ ಜೊತೆ ಸಚಿವಾಲಯಗಳು ವಿವರವಾದ ಬೇಡಿಕೆ ಪಟ್ಟಿ ಮಂಡಿಸುತ್ತವೆ. ಅದರಲ್ಲಿ ಬಾಡಿಗೆಗೆ ಪ್ರತ್ಯೇಕ ಶೀರ್ಷಿಕೆ ಇರುತ್ತದೆ, ಹಿಂದಿನ ವರ್ಷ ಆದ ಖರ್ಚು ಎಷ್ಟು, ಈ ವರ್ಷ ಕೇಳುತ್ತಿರುವುದು ಎಷ್ಟು ಎಂದು. ಓದಲು ಬೇಸರ ತರಿಸುವ, ನೂರಾರು ಪುಟಗಳ ಪಿಡಿಎಫ್‌ಗಳು. ಕರ್ತವ್ಯ ಭವನಕ್ಕೆ ಸ್ಥಳಾಂತರಗೊಂಡ ಒಂದೊಂದು ಸಚಿವಾಲಯದ ಪುಟದಲ್ಲೂ ಆ ಒಂದು ಸಾಲು ಇಳಿದಿದೆಯೇ ಎಂದು ನೋಡಿದರೆ ಸಾಕು. 50 ಜಾಗಗಳಲ್ಲಿ ಎಷ್ಟರ ಬೀಗದ ಕೈ ವಾಪಸಾಗಿದೆ ಎಂದು ಸಂಸತ್ತಿನಲ್ಲಿ ಒಬ್ಬ ಸದಸ್ಯ ಕಟ್ಟಡವಾರು ಕೇಳಿದರೆ ಕೆಲಸ ಇನ್ನೂ ಸುಲಭ. ಕರ್ನಾಟಕದಿಂದಲೇ ಲೋಕಸಭೆಗೆ 28 ಮಂದಿ ಹೋಗಿದ್ದಾರೆ.